ಇಸಾತು ಮತ್ತು ಹಳದಿ ಬೆಡ್‌ಶೀಟು

"ನಿಮ್ಮದು ಯಾವ ಊರು?" ಎಂದು ಯಾರಾದರೂ ಕೇಳಿದರೆ ಇಸಾತು "ಉಮೆಯೊ" ಎನ್ನುತ್ತಿದ್ದಳು. ಉತ್ತರ ಸ್ವೀಡನ್ನಿನ ಆ ಊರಲ್ಲೇ ಅವಳು ಹುಟ್ಟಿ ಬೆಳೆದದ್ದು. "ಅಲ್ಲ, ನಿಜವಾಗಿ ಯಾವ ಊರು?" ಎಂದರೆ "ಉಮೆಯೊ, ದೊಡ್ಡಾಸ್ಪತ್ರೆ ಹಿಂದಿನ ಬೀದಿ" ಎನ್ನುವಳು. ಅಪ್ಪ ಅಮ್ಮ ಗ್ಯಾಂಬಿಯಾದಿಂದ ಬಂದವರೆಂದು ಜಪ್ಪಯ್ಯ ಅಂದರೂ ಬಾಯಿ ಬಿಡುತ್ತಿರಲಿಲ್ಲ. ಹೇಳದೆ ಕೇಳದೆ ಅವಳ ಗುಂಗುರು ಕೂದಲು ಮುಟ್ಟಿದವರ ಪಾಡಂತೂ ಇನ್ನೂ ಮಜಾ. ತಕ್ಷಣ ಅವರ ತಲೆಗೇ ಕೈಹಾಕಿ, "ಅಯ್ಯೋ ಪಾಪ, ಎಷ್ಟು ತೆಳ್ಳಗಿದೆ! ಚಳಿಗೆ ಉದುರಲ್ವಾ?" ಎಂದು ಕನಿಕರ ತೋರಿಸುತ್ತಿದ್ದಳು.

2006ರಲ್ಲಿ ಅದೇ ದೇಶದ ಸೊಲ್ಲೆಂಟುನಾ ಊರಿನ ನಮ್ಮ ಕಟ್ಟಡದಲ್ಲಿ, ನಮ್ಮ ಮೇಲಿನ ಮನೆಯಲ್ಲಿ ಅವಳು ಬಾಡಿಗೆಗಿದ್ದಳು. ಲೋಕಲ್ ರೈಲು ಓಡಿಸುವ ಕೆಲಸ. ಬಾಡಿಗೆಯವರು ಮುಂದುವರಿಯಲು ವರ್ಷಕ್ಕೊಮ್ಮೆ ಕಟ್ಟಡದ ಸಮಿತಿ ಒಪ್ಪಬೇಕಿತ್ತು. ಅಧ್ಯಕ್ಷೆ ಗುನ್ವೋರ್ ಅಜ್ಜಿ.

ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದೇ ವಾಷಿಂಗ್ ಮೆಷಿನ್. ಹಲಗೆಯ ಮೇಲೆ ಹೆಸರು ಬರೆದು ಟೈಮ್ ಹಿಡಿಯಬೇಕು. ಗೌರಿ ಹಬ್ಬದ ಮರುದಿನ ನಾನು ಗೋಗರೆದಿದ್ದಕ್ಕೆ ಇಸಾತು ತನ್ನ ಟೈಮ್ ಬಿಟ್ಟುಕೊಟ್ಟಳು. ಹೆಸರು ಮಾತ್ರ ಅವಳದೇ ಉಳಿಯಿತು. ಬಾಗಿನ ಕೊಟ್ಟವರು ನನ್ನ ಸೀರೆಯ ಸೆರಗಿಗೆ ಕಟ್ಟಿದ್ದ ಅರಿಶಿನದ ಪೊಟ್ಟಣವನ್ನು ಬಿಚ್ಚದೆ ಸೀರೆಯನ್ನು ಹಾಗೇ ಮೆಷಿನ್‌ಗೆ ತುರುಕಿದೆ. ಆಮೇಲೆ ಮೆಷಿನ್ ಒಳಗೆ ಎಷ್ಟು ಒರೆಸಿದರೂ ಹಳದಿ ಪೂರ್ತಿ ಹೋಗಲಿಲ್ಲ. ಕಳ್ಳ ಬೆಕ್ಕಿನಂತೆ ಮನೆಗೆ ಬಂದುಬಿಟ್ಟೆ.

ನಂತರದ ಟೈಮ್ ಗುನ್ವೋರ್ ಅವರದು. ಅವರ ಬಿಳಿ ಬೆಡ್‌ಶೀಟುಗಳು ಮದುಮಗಳ ಹಾಗೆ ಹಳದಿಯಾದವು. ಸಂಜೆಗೆ ಗೋಡೆ ಮೇಲೆ ಚೀಟಿ: "ಇಲ್ಲಿನ ರೀತಿ ಗೊತ್ತಿಲ್ಲದವರು ಬೇರೆ ಮನೆ ನೋಡಿಕೊಳ್ಳಲಿ." ನನಗೆ ನಾಚಿಕೆಯಾಯಿತು. ಆದರೂ ಒಂದು ವಾರ ತುಟಿ ಎರಡು ಮಾಡಲಿಲ್ಲ. ಇಸಾತು ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ, "ಹಬ್ಬ ಜೋರಾಗಿತ್ತಾ ಪದ್ಮಿನಿ?" ಎಂದು ಕಣ್ಣು ಮಿಟುಕಿಸುತ್ತಿದ್ದಳು.

ಭಾನುವಾರ ಸಮಿತಿಯ ಮೀಟಿಂಗ್. ಗುನ್ವೋರ್ ಬೆಡ್‌ಶೀಟ್ ಬಿಡಿಸಿ ಹಿಡಿದರು.

"ಅವತ್ತಿನ ಟೈಮ್ ನಿಮ್ಮದೇ ಅಲ್ವಾ?"

"ಹೌದು, ನನ್ನದೇ," ಎಂದಳು ಇಸಾತು, ನನ್ನ ಹೆಸರೆತ್ತದೆ.

"ಹಾಗಾದರೆ ನಿಮ್ಮ ಬಾಡಿಗೆ ಮುಂದುವರಿಸೋದು ಕಷ್ಟ."

ನಾನು ಎದ್ದೆ. ಗಂಡ ರೋಹನ್ ನನ್ನ ಸ್ವೆಟರ್ ಜಗ್ಗಿ, "ಸುಮ್ನಿರೇ, ಈ ದೇಶದಲ್ಲಿರೋ ನಮ್ಮ ಪರ್ಮಿಟ್ ರಿನ್ಯೂವಲ್ ಇದೆ," ಎಂದು ಪಿಸುಗುಟ್ಟಿದ.

"ಅವಳಲ್ಲ, ನಾನು," ಎಂದೆ. ಹಬ್ಬ, ಸೆರಗು, ಪೊಟ್ಟಣ ಎಲ್ಲ ತಡವರಿಸುತ್ತ ಹೇಳಿದೆ.

ಗುನ್ವೋರ್ ಮುಖ ಅರಳಿತು. "ಓ, ಅರಿಶಿನವಾ! ಚರ್ಮಕ್ಕೆ ಒಳ್ಳೆಯದಂತಲ್ಲ? ಅಡುಗೆಗೆ ಎಷ್ಟು ಹಾಕ್ತೀರಿ?" ಎಂದು ಪೆನ್ನು ತೆಗೆದರು. ಎಲ್ಲರೂ ನಕ್ಕರು, ಕಾಫಿ ಬಂತು. ಇಸಾತುವಿನ ಬಾಡಿಗೆ ಇನ್ನೊಂದು ವರ್ಷಕ್ಕೆ ಮುಂದುವರಿಯಿತು. ಅವಳಿಗೆ ಯಾರೂ ಸಾರಿ ಎನ್ನಲಿಲ್ಲ.

ಹೊರಗೆ ಬಂದ ಮೇಲೆ ನಾನು ಅವಳ ಕೈ ಹಿಡಿದು ಕ್ಷಮೆ ಕೇಳಿದೆ. ಅವಳು ಕಿಸಕ್ಕನೆ ನಕ್ಕಳು.

"ನೋಡಿದ್ಯಾ, ಅದೇ ಬೆಡ್‌ಶೀಟು. ನಾನು ಮಾಡಿದ್ದು ಅಂದ್ಕೊಂಡಾಗ ಮನೆ ಖಾಲಿ ಮಾಡು ಅಂದ್ರು. ನೀನು ಮಾಡಿದ್ದು ಅಂತ ಗೊತ್ತಾದ ಮೇಲೆ ರೆಸಿಪಿ ಕೇಳಿದ್ರು."