ತುಂಬಿದ ಗುಮ್ಮಿ

ಆಡಕಿಯಲ್ಲಿ ಹುಟ್ಟಿ ರಾವೂರಿಗೆ ಸೊಸೆಯಾಗಿ ಬಂದ ಪೀರಮ್ಮನ ಬಾಯಲ್ಲಿ ಬೈಗುಳಕ್ಕೆ ಎಂದೂ ಬರ ಬಿದ್ದಿರಲಿಲ್ಲ. ಅಶುಭದ ಮಾತು ಮಾತ್ರ ಕತ್ತು ಹಿಚುಕಿದರೂ ಹೊರಡದು. ಅವಳ ಮನೆಯಲ್ಲಿ ಬಳೆ ಒಡೆಯುತ್ತಿರಲಿಲ್ಲ, ಹೆಚ್ಚುತ್ತಿದ್ದವು. ದೀಪ ಆರುತ್ತಿರಲಿಲ್ಲ, ದೊಡ್ಡದಾಗುತ್ತಿತ್ತು. ಕಾಳು ತೀರಿದರೆ ‘ತುಂಬ್ಯಾವ’. ಖಾಲಿ ಅಂದರೆ ಲಕ್ಷ್ಮಿ ಸಿಟ್ಟಾಗಿ ಎದ್ದು ಹೋಗುತ್ತಾಳಂತೆ. ಕಾಳಿಲ್ಲದ ಮನೆಯಲ್ಲಿ ಆ ಮಹಾತಾಯಿ ಅಲ್ಲಿಯವರೆಗೆ ಏನು ತಿಂದು ಕೂತಿದ್ದಳೋ, ಯಾರೂ ಕೇಳಲಿಲ್ಲ.

ನಿಜಾಮನ ಆಳಿಕೆ ಹೋದ ಮರುವರ್ಷ ರೈತರು ಸರ್ಕಾರಕ್ಕೆ ಕೊಡಲೇಬೇಕಾದ ಲೆವಿ ಜೋಳದ ವಸೂಲಿಗೆ ಹೈದರಾಬಾದಿನಿಂದ ಸಾಹೇಬನೊಬ್ಬ ಬಂದ. ಪುಸ್ತಕ ಓದಿ ಕನ್ನಡ ಕಲಿತವನು, ಊರಿನ ಧಾಟಿಯನ್ನಷ್ಟೇ ಜವಾನರಿಂದ ಹಿಡಿದಿದ್ದ. ಕಾಳು ಬಚ್ಚಿಟ್ಟವರನ್ನು ಜೇಲಿಗೆ ಹಾಕಿಸುತ್ತಿದ್ದ.

“ಜ್ವಾಳ ಅದಾವೇನಮ್ಮ?”

“ತುಂಬ್ಯಾವ್ರಿ,” ಅಂದಳು ಪೀರಮ್ಮ.

ಓಣಿಯವರಾಗಿದ್ದರೆ ಅವಳು ಬರಿಯ ಮೊರ ಹಿಡಿದು ಹೊಸ್ತಿಲಲ್ಲಿ ನಿಂತದ್ದು ನೋಡಿಯೇ ಒಂದು ಸೇರು ಕಡ ಕೊಡುತ್ತಿದ್ದರು. ಸಾಹೇಬ ಮಾತನ್ನಷ್ಟೇ ನೋಡಿದ. ಕರ್ತೃ ಜೋಳ, ಕ್ರಿಯೆ ತುಂಬುವುದು. ವ್ಯಾಕರಣದಲ್ಲಿ ತಪ್ಪೇ ಇರಲಿಲ್ಲ. ಕಲ್ಲಿನ ಖಣಿಯಿಂದ ಆಗಷ್ಟೇ ಬಂದಿದ್ದ ಅವಳ ಗಂಡ ಹಣಮಪ್ಪನ ರಟ್ಟೆಯನ್ನು ಜವಾನರಿಂದ ಹಿಡಿಸಿದ.

“ಖಾಲಿ ಅದ್ರೀ ಸಾಹೇಬ್ರ!”

“ಕಳ್ಳ ಹಂಗೇ ಅಂತಾನ. ಹೆಂಡ್ತಿ ಒಪ್ಪಿಕೊಂಡಾಳ. ನಡಿ ಚಿತ್ತಾಪುರದ ಜೇಲಿಗೆ.”

ಹಣಮಪ್ಪ ಹೆಂಡತಿಯ ಕಡೆ ತಿರುಗಿ ಅಂಗಲಾಚಿದ. “ಏ, ಒಂದ್ ಸಲ ಖಾಲಿ ಅಂದ್ಬಿಡ!”

ಗಂಡ ಹೋದರೆ ಮನೆ ಹೋಯಿತು, ಲಕ್ಷ್ಮಿ ಹೋದರೂ ಮನೆ ಹೋಯಿತು. ಪೀರಮ್ಮನಿಗೆ ಅಳು ಬರುವುದಿತ್ತು, ಸಿಟ್ಟು ಮೊದಲು ಬಂತು.

ಸಾಹೇಬ ಕೇಳಿದ: “ಎಷ್ಟು ತುಂಬ್ಯಾವ, ಸರಿಯಾಗಿ ಹೇಳು.”

“ನಿಮ್ಮ ತಲಿ ಹ್ಯಾಂಗ ತುಂಬ್ಯಾದ ನೋಡ್ರಿ, ಹಂಗೇ ತುಂಬ್ಯಾವ.”

ಓಣಿ ಕಿಸಕ್ಕೆಂದಿತು. ಸಾಹೇಬ ಹೊಗಳಿಕೆ ಅಂದುಕೊಂಡು ಮೀಸೆ ತೀಡಿದ. ಅಷ್ಟೊಂದು ಜೋಳವಿದ್ದರೆ ತಾನೇ ನೋಡಬೇಕೆಂದು ಒಳಗೆ ಹೋಗಿ, ಕಾಳು ತುಂಬಿಡುವ, ಸೆಗಣಿ ಸಾರಿಸಿದ ಗುಮ್ಮಿಯ ಬಾಯೊಳಗೆ ತಲೆ ಹಾಕಿದ.

“ಖಾಲಿ ಅದ!” ಒಳಗಿನಿಂದ ಕೂಗು ಗುಂಯ್ ಎಂದು ಬಂತು.

ಪೀರಮ್ಮ ಗಾಬರಿಯಿಂದ ಕಿವಿ ಮುಚ್ಚಿಕೊಂಡಳು. “ಅಯ್ಯ, ಹಂಗ ಅನಬಾರದ್ರಿ! ತುಂಬ್ಯಾದ ಅನ್ರಿ.”

ಸಾಹೇಬ ತಲೆ ಹೊರಗೆ ತೆಗೆದ. ಹಣಮಪ್ಪನನ್ನು ಬಿಡಿಸಿದ. ಅಂಗಳ ದಾಟುವಾಗ ತಟ್ಟನೆ ನಿಂತ, ತಲೆ ಮುಟ್ಟಿ ನೋಡಿಕೊಂಡ. ಆಮೇಲೆ ಹಿಂದೆ ತಿರುಗದೆ, ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ಹೊರಟುಹೋದ.