ನಡೆಯುವ ನೆಲ ಕಲಿಸಿದ ಉಸ್ತಾದ

ಇವತ್ತು ಸಂಜೆ ಮೊಮ್ಮಗಳು ಭಾಗ್ಯಾ ಕೆಲಸದಿಂದ ಬಂದು, ಜಾಕೀಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದಳು. ಹಸಿ ಮರದ ಚಕ್ಕೆಯ ವಾಸನೆ ಮನೆಯೊಳಗೆ ಬಂತು. ಸ್ವಲ್ಪ ಹುಳಿ, ಅದರೊಳಗೆ ಬಿಸಿ ಎಣ್ಣೆಯ ಘಾಟು. ನನ್ನ ಮನೆಯಾಕೆ "ಹೊರಗ ಝಾಡಿಸಿ ಬಾರವ್ವಾ, ಮನೀ ತುಂಬ ಹೊಟ್ಟು ಆಗ್ತದ" ಎಂದಳು. ನಾನು ಇರಲಿ ಬಿಡು ಎಂದು ಆ ಜಾಕೀಟನ್ನು ತೆಗೆದುಕೊಂಡು ಮೂಗಿಗೆ ಹಿಡಿದೆ. ಹನ್ನೆರಡು ವರ್ಷದ ಹಿಂದಿನ ಒಬ್ಬ ಮನುಷ್ಯ ಬಂದು ಪಕ್ಕಕ್ಕೆ ನಿಂತಂತಾಯಿತು...

ಭಾಗ್ಯಾ ಇವತ್ತು ಮೊದಲ ಸಲ ಯಾರ ಸಹಾಯವೂ ಇಲ್ಲದೆ ಟ್ರೇಲರ್ ಖಾಲಿ ಮಾಡಿದ್ದಾಳೆ. ನೆಲವೇ ನಡೆದು ಮಾಲನ್ನು ಹೊರಗೆ ಹಾಕುವ ಟ್ರೇಲರ್. ಮುಂಜಾನೆಯಿಂದ ನನಗೆ ಕೂತಲ್ಲಿ ಕೂರಲಾಗಿಲ್ಲ, ನಿಂತಲ್ಲಿ ನಿಲ್ಲಲಾಗಿಲ್ಲ. ನಾವಿರುವ ಈ ಮರಾಠಿ ಸೀಮೆಯ ನಿಗಡಿಯಿಂದ ಬಸ್ ಹತ್ತಿ ಭೋಸರಿಗೆ ಹೋಗಿ, ಅವಳು ಮಾಲು ಇಳಿಸುವ ಕಾರ್ಖಾನೆಯ ಗೇಟಿನ ಎದುರಿಗಿರುವ ಚಹದ ಗಾಡಿಯ ಹತ್ತಿರ ನಿಂತು ಎಲ್ಲವನ್ನೂ ನೋಡಿ ಬಂದೆ. ನಾಲ್ಕು ಚಹ ಕುಡಿದೆ. ಚಹದವನಿಗೆ ಅವಳು ನನ್ನ ಮೊಮ್ಮಗಳು ಎಂದು ನಾಲ್ಕು ಸಲವೂ ಹೇಳಿದೆ. ನಾನು ಓದಿದ್ದು ನಾಲ್ಕನೆಯ ಇಯತ್ತೆ, ಬರೆದು ರೂಢಿಯಿಲ್ಲ. ಆದರೂ ಇವತ್ತು ಬರೆಯದೆ ಇರಲಾಗುತ್ತಿಲ್ಲ. ಸಂತೋಷ ಒಂದು ಕಡೆ. ಅದರ ಅಡಿಯಲ್ಲೇ ಒಂದು ಮುಳ್ಳು ಇದೆ, ಅದನ್ನೂ ಬರೆಯಬೇಕು.

ಆಗ ನನಗೆ ಐವತ್ತೆರಡು. ಮೂವತ್ತು ವರ್ಷ ಟಿಪ್ಪರ್ ಹೊಡೆದಿದ್ದೆ. ಎಷ್ಟೋ ಹುಡುಗರಿಗೆ ಗೇರು ಹಾಕಲು ಕಲಿಸಿದ್ದೆ, ತಲೆಗೆ ಮೊಟಕಿ ಕಲಿಸಿದ್ದೆ. ಒಂದು ದಿನ ನಮ್ಮ ಸೇಟ ಟಿಪ್ಪರುಗಳನ್ನು ಮಾರಲು ತೆಗೆದ. ಅವುಗಳ ಬದಲಿಗೆ ಎರಡು ಉದ್ದನೆಯ ಟ್ರೇಲರ್ ತಂದ. ಕಾರ್ಖಾನೆಗಳ ಬಾಯ್ಲರಿಗೆ ಮರದ ಚಕ್ಕೆ ಸಾಗಿಸುವ ಕೆಲಸ ಅವನಿಗೆ ಸಿಕ್ಕಿತ್ತು. ಹದಿನೈದು ದಿನದಲ್ಲಿ ಯಾರು ಕಲಿಯುತ್ತಾರೋ ಅವರು ಇರಬಹುದು, ಉಳಿದವರು ಬೇರೆ ಕಡೆ ನೋಡಿಕೊಳ್ಳಲಿ ಎಂದ. ಐವತ್ತೆರಡು ವರ್ಷದವನನ್ನು ಬೇರೆ ಕಡೆ ಯಾರು ಇಟ್ಟುಕೊಳ್ಳುತ್ತಾರೆ?

ಕಲಿಸಲು ಬಂದವನು ವಿಜಯಪುರದ ಕಡೆಯವನು. ದುಬೈಯಲ್ಲಿ ಇಂಥ ಗಾಡಿ ನಡೆಸಿ ಬಂದಿದ್ದನಂತೆ. ನನಗಿಂತ ಹದಿನಾಲ್ಕು, ಹದಿನೈದು ವರ್ಷ ಸಣ್ಣವನು. ಎಲ್ಲರೂ ಉಸ್ತಾದ ಅನ್ನುತ್ತಿದ್ದರು, ನಾನೂ ಅನ್ನಬೇಕಾಯಿತು. ಮೊದಲ ದಿನ ಆ ಮಾತನ್ನು ಬಾಯೊಳಗೇ ಗೊಣಗಿದೆ. ಅವನು ಮಾತ್ರ ಮೊದಲ ದಿನದಿಂದಲೇ ನನ್ನನ್ನು ಕಾಕಾ ಎಂದ.

ಗಾಡಿ ಓಡಿಸುವುದನ್ನು ಮೂರು ದಿನದಲ್ಲಿ ಕಲಿತೆ. ಹಿಂದಕ್ಕೆ ತೆಗೆದುಕೊಳ್ಳುವುದು ಮಾತ್ರ ಬರಲೊಲ್ಲದು. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರಿನ ಬಾಲ ಬಲಕ್ಕೆ ಹೋಗುತ್ತಿತ್ತು. ಉಸ್ತಾದ ನನ್ನ ಕೈಗಳನ್ನು ಸ್ಟೇರಿಂಗಿನ ಮೇಲ್ಭಾಗದಿಂದ ತೆಗೆದು ಅದರ ಕೆಳಭಾಗಕ್ಕೆ ಇಟ್ಟ.

"ಇಲ್ಲೆ ಹಿಡೀರಿ ಕಾಕಾ. ಬಾಲ ಯಾವ ಕಡೆ ಹೋಗಬೇಕೋ ಆ ಕಡೆ ಕೈ ಒಯ್ಯಿರಿ. ತಲಿ ಓಡಿಸಬ್ಯಾಡ್ರಿ."

ಅಷ್ಟೇ. ಮೂವತ್ತು ವರ್ಷದ ಕೈಗೆ ಒಂದೇ ಮಾತಿನಲ್ಲಿ ದಾರಿ ಸಿಕ್ಕಿತು.

ಕಷ್ಟವಾದದ್ದು ಆ ನೆಲ. ಅದು ಒಂದೇ ಹಲಗೆಯಲ್ಲ. ಟ್ರೇಲರಿನ ಉದ್ದಕ್ಕೂ ಪಟ್ಟಿಗಳು, ಒಂದರ ಪಕ್ಕ ಒಂದು. ಸ್ವಿಚ್ಚು ಒತ್ತಿದರೆ ಎಲ್ಲ ಪಟ್ಟಿಗಳೂ ಒಟ್ಟಿಗೆ ಒಂದು ಗೇಣು ಹಿಂದಕ್ಕೆ ಸರಿಯುತ್ತವೆ, ಮೇಲಿನ ಮಾಲೂ ಸರಿಯುತ್ತದೆ. ಆಮೇಲೆ ಮೂರರಲ್ಲಿ ಒಂದು ಪಾಲಿನ ಪಟ್ಟಿಗಳು ಮಾತ್ರ ಮಾಲಿನ ಅಡಿಯಿಂದ ನುಸುಳಿ ಮುಂದಕ್ಕೆ ಬರುತ್ತವೆ. ನಂತರ ಇನ್ನೊಂದು ಪಾಲು, ನಂತರ ಮತ್ತೊಂದು. ಮಾಲು ಇದ್ದಲ್ಲೇ ಇರುತ್ತದೆ. ಮತ್ತೆ ಎಲ್ಲವೂ ಕೂಡಿ ಹಿಂದಕ್ಕೆ. ಹೀಗೆ ಗೇಣು ಗೇಣಾಗಿ ಮಾಲು ನಡೆದು ಹೊರಗೆ ಬೀಳುತ್ತದೆ. ನನಗೆ ಇದು ತಲೆಗೆ ಹೋಗಲಿಲ್ಲ. ಉಸ್ತಾದ ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಹೇಳಿದ:

"ಮಲಗಿದ ಕೂಸಿನ ಬುಡಕಿಂದ ಕೌದಿ ತಗಿಯೂದು ನೋಡೀರಿಲ್ಲ? ಒಮ್ಮೆಲೆ ಜಗ್ಗಿದರ ಕೂಸೂ ಬರ್ತದ. ಈ ಕಡೆ ತುಸು, ಆ ಕಡೆ ತುಸು ಜಗ್ಗಿದರ ಕೂಸಿಗೆ ಗೊತ್ತೇ ಆಗಂಗಿಲ್ಲ."

ಸ್ವಿಚ್ಚುಗಳ ಫಲಕದ ಮೇಲಿನ ಇಂಗ್ಲಿಷ್ ನನಗೆ ಓದಲು ಬರುತ್ತಿರಲಿಲ್ಲ. ಅದಕ್ಕೆ ಅವನು ಕಿವಿಯಿಂದ ಕಲಿಸಿದ. ಪಾಲುಗಳು ಒಂದೊಂದಾಗಿ ಮುಂದಕ್ಕೆ ಬರುವಾಗ ಮೂರು ಗಿಡ್ಡ ಸಪ್ಪಳ, ಎಲ್ಲ ಕೂಡಿ ಹಿಂದಕ್ಕೆ ಹೋಗುವಾಗ ಒಂದು ಉದ್ದ ಸಪ್ಪಳ. ಉದ್ದ ಸಪ್ಪಳ ನರಳಿದರೆ ಎಲ್ಲೋ ಸಿಕ್ಕಿಕೊಂಡಿದೆ, ಕೂಡಲೇ ಸ್ವಿಚ್ಚು ಬಿಡಬೇಕು. ಎಲ್ಲಕ್ಕಿಂತ ಮೊದಲು ಹಿಂದಿನ ಬಾಗಿಲು. ನೆಲ ಶುರು ಮಾಡುವ ಮುಂಚೆ ಹಿಂದೆ ಹೋಗಬೇಕು, ಬಾಗಿಲು ತೆಗೆದು ಪಕ್ಕಕ್ಕೆ ಕೊಂಡಿ ಹಾಕಬೇಕು, ಅಂಗೈಯಿಂದ ಅದರ ಮೇಲೆ ಒಂದು ಸಲ ಬಡಿದು "ಬಾಗಲಾ ತಗದದ" ಎಂದು ಗಟ್ಟಿಯಾಗಿ ಹೇಳಬೇಕು. ಕೇಳುವವರು ಯಾರೂ ಇಲ್ಲದಿದ್ದರೂ ಹೇಳಬೇಕು. ಇದೆಂಥ ಹುಡುಗಾಟ ಎಂದು ನನಗೆ ನಗು ಬರುತ್ತಿತ್ತು. ಟಿಪ್ಪರಿನಲ್ಲಿ ಈ ಗೋಜೇ ಇರಲಿಲ್ಲ. ಡಬ್ಬ ಎತ್ತಿದರೆ ಹಿಂದಿನ ಹಲಗೆ ತಾನೇ ಕೊಂಡಿ ಬಿಟ್ಟು ತೆರೆದುಕೊಳ್ಳುತ್ತಿತ್ತು, ಎರಡು ನಿಮಿಷದಲ್ಲಿ ಖಾಲಿ. ಇಲ್ಲಿ ಒಂದು ಲೋಡು ಇಳಿಯುವುದರೊಳಗೆ ಚಹ ಕುಡಿದು, ತಂಬಾಕು ತಿಕ್ಕಿ, ಮತ್ತೆ ಚಹಕ್ಕೆ ಹೋಗಿ ಬರಬಹುದಿತ್ತು. ನನ್ನ ಕಾಲು ನಿಲ್ಲುತ್ತಿರಲಿಲ್ಲ. ಟ್ರೇಲರಿನ ಸುತ್ತ ದೇವರಿಗೆ ಸುತ್ತು ಹಾಕಿದಂತೆ ತಿರುಗುತ್ತಿದ್ದೆ.

"ಕಾಕಾ, ಅದು ತನ್ನ ಪಾಡಿಗೆ ನಡ್ಯಾಕತ್ತದ. ನೀವರ ನಿಂದರ್ರಿ" ಎನ್ನುತ್ತಿದ್ದ.

ಹನ್ನೆರಡನೆಯ ದಿನ. ಮೋಡ ಕಟ್ಟಿತ್ತು. ಭೋಸರಿಯ ಅದೇ ಕಾರ್ಖಾನೆಯ ಅಂಗಳದಲ್ಲಿ ನನ್ನ ನಂತರದ ಸರದಿಗೆ ಬೇರೆ ಸೇಟನ ಎರಡು ಟಿಪ್ಪರ್ ಪಕ್ಕದಲ್ಲಿ ಕಾಯುತ್ತ ನಿಂತಿದ್ದವು. ಎರಡರ ಡ್ರೈವರುಗಳೂ ನನ್ನ ಹಳೆಯ ಗೆಳೆಯರು. ಉಸ್ತಾದ ಚೀಟಿಗೆ ಸಹಿ ಮಾಡಿಸಲು ಆಫೀಸಿಗೆ ಹೋಗಿದ್ದ. ಹೋಗುವಾಗ "ನಾ ಬರೂತನಕ ಶುರು ಮಾಡಬ್ಯಾಡ್ರಿ" ಎಂದಿದ್ದ.

ಗೆಳೆಯರಲ್ಲಿ ಒಬ್ಬ ಹಾರ್ನ್ ಹೊಡೆದು ತಲೆ ಹೊರಗೆ ಹಾಕಿದ. "ಏನಲೇ, ನಿನ್ನ ಗಾಡಿ ಬಾಣಂತಿ ಹಂಗ ಹೆಜ್ಜಿ ಇಡತದಂತಲ್ಲ? ಯಾವಾಗ ಮುಗಸ್ತಿ?"

ಇನ್ನೊಬ್ಬ, "ಅಂವ ಯಾಕ ಮುಗಸ್ತಾನ, ಸಣ್ಣ ಹುಡುಗನ ಕೈಯಾಗ ಸಾಲಿ ಕಲಿಯಾಕತ್ತಾನ" ಎಂದ.

ಮೈ ಉರಿಯಿತು. ಸ್ವಿಚ್ಚಿನ ಡಬ್ಬಿ ಉದ್ದನೆಯ ವೈರಿನಲ್ಲಿ ನನ್ನ ಕೈಯಲ್ಲೇ ಇತ್ತು. ಒತ್ತಿದೆ. ಹಿಂದೆ ಹೋಗಲಿಲ್ಲ. ಟಿಪ್ಪರಿನ ಮೂವತ್ತು ವರ್ಷದಲ್ಲಿ ಮಾಲು ಇಳಿಸುವ ಮುಂಚೆ ಬಾಗಿಲು ತೆಗೆಯಲು ಹಿಂದೆ ಹೋದವನೇ ಅಲ್ಲ ನಾನು. ಮೂರು ಗಿಡ್ಡ ಸಪ್ಪಳ ಸರಿಯಾಗಿ ಬಂದವು. ಉದ್ದದ್ದು ನರಳಿತು. ಕೇಳಿಸಿತು, ಕೇಳಿಸಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಗೆಳೆಯರು ನೋಡುತ್ತಿದ್ದರು, ಬಿಡಲಿಲ್ಲ. ಮತ್ತೆ ಮೂರು ಗಿಡ್ಡ, ಮತ್ತೆ ನರಳಿಕೆ. ಆಮೇಲೆ ಹಿಂದಿನಿಂದ ಫಟ್ ಎಂದು ಸಪ್ಪಳವಾಯಿತು. ಬಾಗಿಲಿನ ಸರಳುಗಳು ಬಿಲ್ಲಿನಂತೆ ಬಾಗಿ, ಒಂದು ಬಾಗಿಲು ಕೀಲಿನಿಂದ ಕಿತ್ತು ನೇತಾಡುತ್ತಿತ್ತು. ಪುಣ್ಯಕ್ಕೆ ಹಿಂದೆ ಯಾರೂ ನಿಂತಿರಲಿಲ್ಲ.

ಸಪ್ಪಳಕ್ಕೆ ಉಸ್ತಾದ ಆಫೀಸಿನಿಂದ ಓಡಿ ಬಂದ. ಹೊಸ ಗಾಡಿ. ಸೇಟ ಅರ್ಧ ಗಂಟೆಯಲ್ಲಿ ಬಂದ. ಆಗಲೇ ಟಿಪ್ಪರಿನವರು ಜಾಗ ಖಾಲಿ ಮಾಡಿದ್ದರು. ಸೇಟ ಬಾಗಿಲು ನೋಡಿದ, ನಮ್ಮಿಬ್ಬರನ್ನು ನೋಡಿದ. "ಕೋಣಾಚ್ಯಾ ಹಾತೂನ ಝಾಲಂ?" ಎಂದು ಮರಾಠಿಯಲ್ಲಿ ಕೇಳಿದ. ಯಾರ ಕೈಯಿಂದ ಆಯಿತು?

ಸ್ವಿಚ್ಚಿನ ಡಬ್ಬಿ ಇನ್ನೂ ನನ್ನ ಕೈಯಲ್ಲಿತ್ತು. ನಾನು ಅದನ್ನು ಬೆನ್ನ ಹಿಂದೆ ಸರಿಸಿದೆ. ಸೇಟನಿಗೆ ಕಾಣಲಿಲ್ಲ. ಉಸ್ತಾದನಿಗೆ ಕಂಡಿತು. ಅವನು ನನ್ನ ಮುಖವನ್ನು ಒಂದು ಕ್ಷಣ ನೋಡಿದ. ನಾನೇ ಬಾಯಿ ಬಿಡಲಿ ಎಂದು ಕಾದನೇನೋ... ನಾನು ಬಿಡಲಿಲ್ಲ. ಅವನು ಮರಾಠಿಯಲ್ಲೇ, ನನ್ನ ಕೈಯಿಂದ ಆಯಿತು, ಬಾಗಿಲು ನೋಡಲು ಮರೆತೆ ಎಂದ.

ಕಲಿಸಲು ಬಂದವನೇ ಮರೆತರೆ ಇವನಿಂದ ಏನು ಕಲಿಯುವುದು ಎಂದು ಸೇಟ ಅವನನ್ನು ಅವತ್ತೇ ಬಿಡಿಸಿದ. ಉಸ್ತಾದ ಕ್ಯಾಬಿನ್ನಿನಿಂದ ತನ್ನ ಚೀಲ, ರೊಟ್ಟಿಯ ಡಬ್ಬಿ ತೆಗೆದುಕೊಂಡ. ನಾನು ಗೇಟಿನ ತನಕ ಹಿಂದೆ ಹಿಂದೆ ಹೋದೆ.

"ನನಗ ಬ್ಯಾರೆ ಕಡೆ ಕೆಲಸ ಸಿಗ್ತದ ಕಾಕಾ, ನಿಮಗ ಸಿಗಂಗಿಲ್ಲ. ಬಾಗಲಾ ಮಾತ್ರ ಮರೀಬ್ಯಾಡ್ರಿ" ಎಂದ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಆಮೇಲೆ ಎಂಟು ವರ್ಷ ಆ ಟ್ರೇಲರ್ ನಡೆಸಿದೆ. ಒಂದು ದಿನವೂ ಬಾಗಿಲಿಗೆ ಬಡಿಯದೆ, ಆ ಮಾತು ಹೇಳದೆ ನೆಲ ಶುರು ಮಾಡಲಿಲ್ಲ. ರಜೆಯ ದಿನ ಭಾಗ್ಯಾ ನನ್ನ ಸಂಗಡ ಕ್ಯಾಬಿನ್ನಿನಲ್ಲಿ ಬರುತ್ತಿದ್ದಳು. ಆ ಮಾತನ್ನು ನನಗಿಂತ ಮೊದಲು ಅವಳೇ ಕೂಗುತ್ತಿದ್ದಳು. ಅಲ್ಲಿಂದಲೇ ಅವಳಿಗೆ ಈ ಹುಚ್ಚು ಹತ್ತಿದ್ದು.

ಇವತ್ತು ಗೇಟಿನ ಹೊರಗಿನಿಂದ ನೋಡಿದೆನಲ್ಲ. ಒಂದೇ ಸಲಕ್ಕೆ ಟ್ರೇಲರನ್ನು ಹಿಂದಕ್ಕೆ ತೆಗೆದುಕೊಂಡು ನೆಟ್ಟಗೆ ನಿಲ್ಲಿಸಿದಳು. ಇಳಿದು ಹಿಂದೆ ಹೋದಳು, ಬಾಗಿಲು ತೆಗೆದು ಕೊಂಡಿ ಹಾಕಿದಳು, ಅಂಗೈಯಿಂದ ಬಡಿದು ಕೂಗಿದಳು. ಅಲ್ಲಿದ್ದವರು ನಕ್ಕರು. "ನಮ್ಮ ಮುತ್ಯಾ ಕಲಿಸಿದ್ದದು" ಎಂದು, ಅಜ್ಜನ ಹೆಸರು ಮುಂದೆ ಮಾಡಿ, ಅವರಿಗೆ ಮರಾಠಿಯಲ್ಲಿ ಹೇಳಿದ್ದು ನನಗೆ ರಸ್ತೆಯ ತನಕ ಕೇಳಿಸಿತು. ಕೈಯಲ್ಲಿದ್ದ ಚಹವನ್ನು ಗಾಡಿಯ ಮೇಲೆ ಇಟ್ಟುಬಿಟ್ಟೆ. ಅವಳು ಮಾತ್ರ ಪಕ್ಕದಲ್ಲಿ ಸುಮ್ಮನೆ ನಿಂತು, ಕಿವಿ ಕೊಟ್ಟು, ಇಡೀ ಲೋಡು ಇಳಿಯುವ ತನಕ ಅಲುಗಾಡಲಿಲ್ಲ.

ಈಗ ಸಂಜೆ, ಜಾಕೀಟು ನನ್ನ ಕೈಯಲ್ಲಿರುವಾಗಲೇ, ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಮನೆಯಾಕೆಗೂ ಇದುವರೆಗೆ ಹೇಳಿರಲಿಲ್ಲ, ಅವಳೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

ಭಾಗ್ಯಾ ಕೇಳಿದಳು, "ನೀ ಸುಮ್ಮನ ನಿಂತಿ ಮುತ್ಯಾ?"

"ನಿಂತೆನವ್ವಾ."

"ಆಮ್ಯಾಲ ಹುಡಕಲಿಲ್ಲ?"

ಎರಡು ಸಲ ಫೋನು ಹಚ್ಚಿದ್ದೆ. ಮೊದಲ ಸಲ ಅವನು ಎತ್ತಿದಾಗ ನಾನೇ ಇಟ್ಟುಬಿಟ್ಟೆ. ಎರಡನೆಯ ಸಲ ಹಚ್ಚುವ ಹೊತ್ತಿಗೆ ವರ್ಷಗಳು ಕಳೆದಿದ್ದವು, ಆ ನಂಬರೇ ಇರಲಿಲ್ಲ. ಅದನ್ನೂ ಹೇಳಿದೆ.

"ನಾಳೆ ಕೇಳಿದವರಿಗೆ ಖರೇ ಹೇಳ್ತೀನಿ. ಆ ಉಸ್ತಾದರ ಹೆಸರೇನ?"

ನಾನು ಫೋನು ತೆಗೆದು ತೋರಿಸಿದೆ. ಅದರಲ್ಲಿ ಉಸ್ತಾದ ಎಂದಷ್ಟೇ ಇತ್ತು. ಹನ್ನೆರಡು ದಿನ ಅವನ ಡಬ್ಬಿಯ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿಪುಡಿ ತಿಂದಿದ್ದೆ. ಹೆಸರು ಕೇಳಿರಲಿಲ್ಲ. ಸಣ್ಣವನ ಹೆಸರು ಕಟ್ಟಿಕೊಂಡು ನನಗೇನು ಎಂದಿದ್ದೆ ಆಗ...

ಭಾಗ್ಯಾ ಫೋನು ನೋಡಿ ವಾಪಸು ಕೊಟ್ಟಳು. ಜಾಕೀಟನ್ನು ತೆಗೆದುಕೊಂಡು ಝಾಡಿಸಲು ಹೊರಗೆ ಹೋದಳು. ನೆಲದ ಮೇಲೆ ಒಂದೆರಡು ಚಕ್ಕೆ ಬಿದ್ದಿದ್ದವು. ಮನೆಯಾಕೆ ಕಸಬರಿಗೆ ತಂದಳು. ತಡಿ ಎಂದು, ನಾನೇ ಬಗ್ಗಿ ಅವನ್ನು ಆರಿಸಿಕೊಂಡೆ.