ಕರಟ ಕಟ್ಟಿದ ಕೋಲು

ಎಂಜಿನಿಯರಿಂಗ್ ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಹೂಳು ಅಳೆಯುವುದು. ಶೀಳನೆರೆ ಕಡೆಯ ಒಂದು ಚಿಕ್ಕ ನಾಲೆ. ಇಪ್ಪತ್ತು ಹೆಜ್ಜೆಗೊಮ್ಮೆ ಇಳಿದು ನೀರು ಎಷ್ಟು ಆಳ, ಅದರ ಕೆಳಗೆ ಹೂಳು ಎಷ್ಟು ದಪ್ಪ ಎಂದು ಬರೆದುಕೊಳ್ಳಬೇಕು. ಹೂಳಿನ ಸರಾಸರಿ ಒಂದು ಅಡಿ ದಾಟಿದರೆ ನಾಲೆ ಆ ವರ್ಷದ ಹೂಳೆತ್ತುವ ಪಟ್ಟಿಗೆ ಸೇರುತ್ತಿತ್ತು. ದಾಟದಿದ್ದರೆ ಇಲ್ಲ.

ನನ್ನ ಜೊತೆ ನಡೆದವರು ಆ ನಾಲೆಯ ನೀರುಗಂಟಿ, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವವರು. ಅರವತ್ತು ದಾಟಿರಬೇಕು. ನನ್ನ ಹಾಗೆಯೇ ಮಾತು ಕಮ್ಮಿ, ಅದು ನನಗೆ ಒಗ್ಗಿತ್ತು. ಅವರ ಕೈಯಲ್ಲೊಂದು ಬಿದಿರು ಕೋಲು, ಅದರ ತುದಿಗೆ ಅರ್ಧ ತೆಂಗಿನ ಕರಟ ಕಟ್ಟಿತ್ತು. ಯಾಕೆಂದು ನಾನು ಕೇಳಲಿಲ್ಲ. ನನ್ನ ಹತ್ತಿರ ಸೆಂಟಿಮೀಟರ್ ಗುರುತು ಹಾಕಿದ ಕಬ್ಬಿಣದ ಸರಳಿತ್ತು.

ಕೆಲಸ ಸುಲಭವೆಂದುಕೊಂಡಿದ್ದೆ. ಸರಳು ಮೆಲ್ಲಗೆ ಇಳಿಬಿಡುವುದು, ತಳ ತಾಗಿದಂತಾದಾಗ ಮೊದಲ ಅಳತೆ, ಅದು ನೀರು. ಆಮೇಲೆ ಗಟ್ಟಿ ನೆಲ ಸಿಗುವವರೆಗೆ ಒತ್ತಿ ಎರಡನೆಯದು. ಎರಡರ ವ್ಯತ್ಯಾಸವೇ ಹೂಳು.

ಮೊದಲ ದಿನ ಸಂಜೆ ಲೆಕ್ಕ ಹಾಕಿದೆ. ಅಲ್ಲಿಯವರೆಗಿನ ಸರಾಸರಿ ಮುಕ್ಕಾಲು ಅಡಿ. ಹೀಗೇ ಹೋದರೆ ನಾಲೆ ಪಟ್ಟಿಯಿಂದ ಹೊರಗೆ.

ಅದರಿಂದ ಯಾರಿಗೆ ಏನಾಗುತ್ತದೆ ಎಂಬುದು ಮಾರನೆಯ ದಿನ, ನಾಲೆಯ ಕೊನೆಯ ಗದ್ದೆಯ ಹತ್ತಿರ ತಿಳಿಯಿತು. ಆ ಗದ್ದೆಯ ಹೆಂಗಸು, ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದವರು, ಕುಡುಗೋಲು ಹಿಡಿದೇ ಎದ್ದು ನಿಂತರು.

"ಏನ್ ನೀರ್ಗಂಟಪ್ಪಾ, ಮೇಲ್ಗಡೆ ಯಾರ ಮನೇಲಿ ಉಂಡ್ಕಂಡ್ ಬಂದೆ? ನೀರ್ನೂ ಅವ್ರಿಗೇ ಉಣ್ಸ್‌ಬುಟ್ಟು ಬಂದಿದ್ದೀಯ ಅಲ್ವಾ?"

"ತೂಬು ಎತ್ತಿದ್ದೆ ಕಣವ್ವ. ನಾಲೇಲಿ ಹೂಳು ತುಂಬ್ಕಂಡದೆ, ನೀರು ಇಲ್ಲಿಗಂಟ ಬರಾಕಿಲ್ಲ."

"ಪ್ರತಿ ವರ್ಸ ಇದೇ ಕತೆ ಏಳ್ತೀಯ. ನಾನ್ ಮೂರ್ ವರ್ಸದಿಂದ ಬತ್ತ ನೋಡ್ನಿಲ್ಲ."

ನನ್ನ ಚೀಲದಲ್ಲಿದ್ದ ಅಳತೆ ಪುಸ್ತಕ, ನೀರುಗಂಟಿ ಸುಳ್ಳು ಹೇಳುತ್ತಿದ್ದಾರೆ ಎನ್ನುತ್ತಿತ್ತು. ನನಗೆ ಆ ಹೆಂಗಸಿನ ಮುಖ ನೋಡಲಾಗಲಿಲ್ಲ. ನಾಲೆಗಿಳಿದು ಸರಳು ಬಿಟ್ಟೆ, ಮೊದಲ ಅಳತೆ ಓದಿದೆ. ಎರಡನೆಯದಕ್ಕೆ ಒತ್ತುವ ಮೊದಲು ಕಾಲು ಜಾರಿತು. ಸರಳನ್ನು ಮೇಲೆತ್ತಿಕೊಂಡು ದಡ ಹಿಡಿದೆ.

ನೀರುಗಂಟಿ ಸರಳಿನ ತುದಿಯನ್ನೇ ನೋಡುತ್ತಿದ್ದರು.

"ನೀರ್ ಅಳ್ದಿದ್ದು ತಾನೇ, ಇಂಜಿನೇರಮ್ಮ? ಅದ್ಕೆ ಕೆಸ್ರು ಯಾಕಂಟ್ಕತು?"

ತುದಿಯಿಂದ ಮೇಲಕ್ಕೆ ಸುಮಾರು ಅರ್ಧ ಗೇಣು ಕಪ್ಪು ಕೆಸರಿತ್ತು. ನನಗೆ ಅರ್ಥವಾಗಲು ಕ್ಷಣ ಬೇಕಾಯಿತು. ತೆಳ್ಳಗಿನ, ಭಾರದ ಸರಳು ಮೆತ್ತನೆಯ ಹೂಳಿನೊಳಕ್ಕೆ ಸದ್ದಿಲ್ಲದೆ ಇಳಿದುಬಿಡುತ್ತಿತ್ತು. ಹೂಳಿನ ಮೇಲ್ಪದರವನ್ನು ನಾನು ಪ್ರತಿ ಸಲವೂ ನೀರೆಂದು ಬರೆದಿದ್ದೆ.

ಅವರು ತಮ್ಮ ಕೋಲನ್ನು ಇಳಿಬಿಟ್ಟರು. ಅಗಲವಾದ ಕರಟ ಹೂಳಿನ ಮೇಲೆ ಕೂತಿತು, ಮುಳುಗಲಿಲ್ಲ. ನೀರಿನ ಮಟ್ಟದಲ್ಲಿ ಉಗುರಿಟ್ಟು ನನಗೆ ತೋರಿಸಿದರು. ಆಮೇಲೆ ಕೋಲು ತಿರುಗಿಸಿ, ಬರಿಯ ತುದಿಯನ್ನು ನೆಲ ಸಿಗುವವರೆಗೆ ಒತ್ತಿದರು. ನಾನು ಟೇಪು ಹಿಡಿದೆ. ಹೂಳು ಒಂದು ಅಡಿಯ ಮೇಲೆ ಮೂರು ಬೆರಳು.

"ನಿನ್ನೆನೇ ಹೇಳಬಹುದಿತ್ತಲ್ಲ?" ಎಂದೆ.

"ನಿನ್ನೆ ನೀವು ಒಂದೇ ಇಳಿತಕ್ಕೆ ಎರಡೂ ಅಳೀತಿದ್ರಿ, ಮಧ್ಯದಲ್ಲಿ ಎತ್ತಿದ್ರೆ ತಾನೇ ನಂಗೆ ಕೆಸ್ರು ಕಾಣಾದು? ಓದ್ದೋರು, ಕಬ್ಣದ ಕೋಲ್ನಾಗೆ ಏನೋ ಇರ್ತದೆ ಅನ್ಕಂಡೆ."

ನಾಲೆಯ ತಲೆಯಿಂದ ಮತ್ತೆ ಶುರು ಮಾಡಿದೆವು, ಈ ಸಲ ಅವರ ಕೋಲಿನಲ್ಲಿ. ಮಧ್ಯಾಹ್ನದ ಹೊತ್ತಿಗೆ ಒಂದು ತಿರುವು ಬಂತು. ನೀರಿನ ಸೆಳೆತಕ್ಕೆ ಅಲ್ಲಿ ಹೂಳು ಕೊಚ್ಚಿಹೋಗಿತ್ತು, ನಾಲ್ಕೇ ಬೆರಳು. ಸರಾಸರಿ ಇಳಿಯುತ್ತದೆಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ನಾನು ಮೂರು ಹೆಜ್ಜೆ ಮುಂದೆ, ಹೂಳು ದಪ್ಪಗಿದ್ದ ಕಡೆಗೆ ಹೋಗಿ ನಿಂತೆ. ಆ ಹೆಂಗಸಿಗಾಗಿ, ನೀರುಗಂಟಿಗಾಗಿ ಎಂದುಕೊಂಡೆ. ನಿಜವಾಗಿ ನನ್ನ ಮೊದಲ ದಿನದ ತಪ್ಪಿಗಾಗಿ.

"ಅಲ್ಲಲ್ಲ," ಎಂದರು, ನಾನು ಬಿಟ್ಟ ಜಾಗದಲ್ಲೇ ನಿಂತು. "ಇಪ್ಪತ್ತ್ ಎಜ್ಜೆ ಇಲ್ಲಿಗಾಯ್ತು. ಕಮ್ಮಿ ಬಂದ್ರೆ ಬರ್ಲಿ, ಬರ್ಕೊಳವ್ವ. ನಾಳೆ ಯಾರಾದ್ರೂ ಬಂದು ಅಳೆದ್ರೆ?"

ಮೂರು ವರ್ಷ ಕಳ್ಳನೆನ್ನಿಸಿಕೊಂಡ ಮನುಷ್ಯ ಆ ನಾಲ್ಕು ಬೆರಳನ್ನು ನನ್ನಿಂದ ಬರೆಸಿದರು. ವಿಶ್ವವಿದ್ಯಾಲಯದಲ್ಲಿ ಅಳತೆಯ ಬಗ್ಗೆ ಬಹಳ ಓದಿದ್ದೆ. ಅಳೆಯುವುದು ಹೇಗಿರುತ್ತದೆಂದು ಅಲ್ಲಿ, ಆ ತಿರುವಿನಲ್ಲಿ ನೋಡಿದೆ.

ಸರಾಸರಿ ಒಂದು ಅಡಿಯನ್ನು ಒಂದು ಬೆರಳಷ್ಟು ದಾಟಿತು. ಮೊದಲ ದಿನದ ಹಾಳೆಗೆ ಅಡ್ಡಗೆರೆ ಎಳೆದು, ಕಾರಣ ಬರೆದು, ಹೊಸ ಹಾಳೆಯ ಜೊತೆ ಕೃಷ್ಣರಾಜಪೇಟೆಯ ಕಚೇರಿಗೆ ಕೊಟ್ಟೆ. ನಾಲೆ ಪಟ್ಟಿಗೆ ಸೇರಿತು. ಜೆಸಿಬಿ ಬಂದು ಹೋಯಿತು.

ನೀರು ಬಿಟ್ಟ ದಿನ ನನಗಲ್ಲಿ ಕೆಲಸವಿರಲಿಲ್ಲ. ಆದರೂ ನಾನಿದ್ದ ಪಾಂಡವಪುರದಿಂದ ಬಸ್ಸು ಹತ್ತಿ ಹೋದೆ. ಕೊನೆಯ ಗದ್ದೆಗೆ ನೀರು ನುಗ್ಗುತ್ತಿತ್ತು. ಹೆಂಗಸು ಬದುವಿನ ಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು.

"ನೀರ್ಗಂಟಪ್ಪಾ, ಇವತ್ತು ನಮ್ಮನೇಲೇ ಉಣ್ಬಾ. ಮುದ್ದೆ ಮಾಡಿವ್ನಿ."

"ಮೊದ್ಲು ನಿನ್ ಗದ್ದೆ ಉಣ್ಲಿ ತಡಿ," ಎಂದು ಅವರು ಕೋಲನ್ನು ನಾಲೆಗೆ ಇಳಿಬಿಟ್ಟರು. ಮೇಲೆತ್ತಿದಾಗ ಕರಟದಿಂದ ನೀರು ಮಾತ್ರ ತೊಟ್ಟಿಕ್ಕಿತು. ಒಮ್ಮೆ ನನ್ನ ಕಡೆಗೆ ಹಿಡಿದು ತೋರಿಸಿ, ಊಟಕ್ಕೆ ಹೋಗದೆ, ಮೇಲಿನ ತೂಬು ನೋಡಲು ನಡೆದರು.